ಎಣಿಕೆ ಕಲಿಯುವ ಕೂಸು



ಮಹೋತ್ಸವವೆಂದರೆ ಒಂದು ರೀತಿಯಲ್ಲಿ ಎಣಿಕೆಯ ಹಬ್ಬ. ಇಷ್ಟು ವರ್ಷಗಳು ಸಂದುವು, ಇಷ್ಟು ಮಂದಿ ಮಕ್ಕಳು ಓದಿ ಬಾಳಿದರು, ಇಷ್ಟು ಪಂಕ್ತಿ ದಾಸೋಹ ನಡೆಯಿತು ಎಂದು ಹಿರಿಯರು ಲೆಕ್ಕ ನೋಡುವ ಕಾಲವಿದು. ಇಂಥ ದೊಡ್ಡ ಲೆಕ್ಕಗಳ ನಡುವೆ ಒಂದು ಅತಿ ಚಿಕ್ಕ ಲೆಕ್ಕದ ಕಡೆಗೆ ಮನಸ್ಸನ್ನು ತಿರುಗಿಸುವುದು ಅಪ್ರಸ್ತುತವಾಗಲಾರದು. ಅದಾವುದೆಂದರೆ, ಮೂರು ನಾಲ್ಕು ವರ್ಷದ ಕೂಸೊಂದು ಜಗಲಿಯ ಮೇಲೆ ಕುಳಿತು ಹುಣಿಸೆಬೀಜಗಳನ್ನು ಮುಂದಿಟ್ಟುಕೊಂಡು ‘ಒಂದು, ಎರಡು, ಮೂರು’ ಎನ್ನುವ ಲೆಕ್ಕ. ಲೋಕದ ಎಲ್ಲ ಖಾತೆ ಕಿರ್ದಿಗಳೂ ಇಂಥ ಜಗಲಿಯಿಂದಲೇ ಹೊರಟವು. ಆ ಕೂಸಿನ ಪಕ್ಕದಲ್ಲಿ ಕುಳಿತು ನೋಡುವ ತಾಯಿತಂದೆಗಳು ಏನನ್ನು ನೋಡುತ್ತಾರೆ, ಏನನ್ನು ನೋಡದೆ ಬಿಡುತ್ತಾರೆ ಎಂಬುದೇ ಈ ಉಪನ್ಯಾಸದ ವಿಷಯ.

ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದು ಒಕ್ಕಲು ಮನೆಯನ್ನು ಕೇಳುವವರು ಮನಸ್ಸಿಗೆ ತಂದುಕೊಳ್ಳಬಹುದು. ಆ ಮನೆಗೆ ಹೆಸರು ಬೇಕಿಲ್ಲ. ಅಂಥ ಮನೆಗಳು ಮಂಡ್ಯ ಮಳವಳ್ಳಿಗಳ ಸೀಮೆಯಲ್ಲಿಯೂ ಬೇಕಾದಷ್ಟಿವೆ. ಅಜ್ಜಿ, ತಂದೆ, ತಾಯಿ, ಶಾಲೆಗೆ ಹೋಗುವ ಗಂಡುಹುಡುಗ, ಅವನ ಬೆನ್ನಿಗೆ ಹುಟ್ಟಿದ ಹೆಣ್ಣುಕೂಸು, ಹೀಗೆ ಐವರು. ಕೂಸಿಗೆ ಮೂರೂವರೆ ವರ್ಷ. ತಂದೆಗೆ ಮಗಳ ಮೇಲೆ ಬಹಳ ಮಮತೆ. ಗದ್ದೆಯಿಂದ ಬಂದು ಕೈಕಾಲು ತೊಳೆದವನೇ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಕಿಗಳನ್ನು ಹೇಳಿಕೊಡುವನು. ಕೂಸಿನ ನಾಲಗೆ ಚುರುಕು. ಕೆಲವೇ ತಿಂಗಳಲ್ಲಿ ಒಂದರಿಂದ ಐವತ್ತರ ತನಕ ನೀರು ಕುಡಿದಂತೆ ಒಪ್ಪಿಸಿತು. ತಂದೆ ಹಿಗ್ಗಿದನು.

ಒಂದು ದಿನ ಮಳವಳ್ಳಿಯ ಕಡೆಯ ನೆಂಟರು ಬಂದರು. ತಂದೆ ಅವರ ಮುಂದೆ ಕೂಸಿನಿಂದ ಅಂಕಿಗಳನ್ನು ಹೇಳಿಸಿದನು. ನೆಂಟರು ತಲೆದೂಗಿ, ‘ಎಲ್ಲಿ, ಒಳಗೆ ಹೋಗಿ ಐದು ಬಾಳೆಹಣ್ಣು ತಗೊಂಬಾ ಕಣವ್ವ, ನೋಡೋಣ’ ಎಂದರು. ಕೂಸು ಓಡಿಹೋಯಿತು, ತನ್ನ ಎರಡು ಕೈಗಳಲ್ಲಿ ಹಿಡಿಸುವಷ್ಟು ಹಣ್ಣುಗಳನ್ನು ಅವುಚಿಕೊಂಡು ಬಂದಿತು. ಅವು ಏಳೋ ಎಂಟೋ ಇದ್ದುವು. ‘ಇವು ಐದೇನವ್ವ?’ ಎಂದು ಕೇಳಿದರೆ ‘ಹೂಂ, ಐದು’ ಎಂದಿತು. ನೆಂಟರು ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ತಂದೆಯ ಮುಖ ಚಿಕ್ಕದಾಯಿತು. ಅವರು ಹೊರಟುಹೋದ ಮೇಲೆ, ‘ಐವತ್ತರ ತನಕ ಕಲಿತದ್ದೆಲ್ಲ ಸುಳ್ಳೇ?’ ಎಂದು ಗದರಿ ಕೈಯೆತ್ತಿದನು. ಅಜ್ಜಿ ಕೂಸನ್ನು ಸೆರಗಿನೊಳಕ್ಕೆ ಸೆಳೆದುಕೊಂಡಳು.

ಕೂಸು ಸುಳ್ಳು ಹೇಳಿತೇ? ಇಲ್ಲ. ತಂದೆ ಕಲಿಸಿದ್ದು ಎಣಿಕೆಯನ್ನಲ್ಲ, ಎಣಿಕೆಯ ಹೆಸರುಗಳನ್ನು. ಹೆಸರುಗಳ ಸಾಲನ್ನು ಒಪ್ಪಿಸುವುದು ಬೇರೆ, ಮುಂದಿರುವ ವಸ್ತುಗಳನ್ನು ಎಣಿಸುವುದು ಬೇರೆ. ಸೋಮವಾರ, ಮಂಗಳವಾರ ಎಂದು ವಾರಗಳನ್ನು ಒಪ್ಪಿಸುವ ಮಗುವಿಗೆ ನಾಡಿದ್ದು ಯಾವ ವಾರವೆಂದು ತಿಳಿದಿರಲೇಬೇಕೆಂಬ ನಿಯಮವಿಲ್ಲವಷ್ಟೆ. ಇದೂ ಅಂತೆಯೇ.

ಬಾಲಕರ ಬುದ್ಧಿಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ವಿದ್ವಾಂಸರು ಈ ವಿಷಯವನ್ನು ವಿಶದಪಡಿಸಿದ್ದಾರೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬವರು ಮಕ್ಕಳಲ್ಲಿ ಸಂಖ್ಯಾಜ್ಞಾನ ಉಂಟಾಗುವ ಬಗೆಯನ್ನು ಕುರಿತು ೧೯೪೧ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಒಂದೇ ಸಂಖ್ಯೆಯ ವಸ್ತುಗಳ ಎರಡು ಸಾಲುಗಳನ್ನು ಸಮವಾಗಿಟ್ಟು, ಬಳಿಕ ಒಂದು ಸಾಲನ್ನು ದೂರದೂರ ಹರಡಿದರೆ, ಚಿಕ್ಕ ಮಗುವು ಹರಡಿದ ಸಾಲಿನಲ್ಲಿಯೇ ಹೆಚ್ಚು ವಸ್ತುಗಳಿವೆ ಎನ್ನುವುದೆಂದು ಅವರು ತೋರಿಸಿದರು. ಅಮೆರಿಕದ ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬವರು ೧೯೭೮ರಲ್ಲಿ ಎಣಿಕೆಗೆ ಐದು ನಿಯಮಗಳನ್ನು ಹೇಳಿದರು. ಒಂದು ವಸ್ತುವಿಗೆ ಒಂದೇ ಹೆಸರು. ಯಾವುದನ್ನೂ ಬಿಡಕೂಡದು, ಯಾವುದನ್ನೂ ಎರಡು ಸಲ ಎಣಿಸಕೂಡದು ಎಂಬುದು ಮೊದಲನೆಯದು. ಹೆಸರುಗಳು ಎಂದಿಗೂ ಒಂದೇ ಕ್ರಮದಲ್ಲಿ ಬರಬೇಕೆಂಬುದು ಎರಡನೆಯದು. ಕಡೆಯಲ್ಲಿ ಹೇಳಿದ ಹೆಸರೇ ಒಟ್ಟು ಮೊತ್ತವೆಂಬುದು ಮೂರನೆಯದು. ಕಣ್ಣಿಗೆ ಕಾಣುವುದನ್ನಾಗಲಿ ಕಾಣದ್ದನ್ನಾಗಲಿ, ಯಾವುದನ್ನಾದರೂ ಎಣಿಸಬಹುದೆಂಬುದು ನಾಲ್ಕನೆಯದು. ಯಾವ ತುದಿಯಿಂದ ಎಣಿಸಿದರೂ ಮೊತ್ತ ಬೇರೆಯಾಗದೆಂಬುದು ಐದನೆಯದು. ದೊಡ್ಡವರಿಗೆ ಈ ಐದೂ ಉಸಿರಾಡುವಷ್ಟು ಸಹಜ. ಕೂಸಿಗಾದರೋ ಒಂದೊಂದೂ ಒಂದೊಂದು ಬೆಟ್ಟ. ನೆಂಟರ ಮುಂದೆ ಆ ಮಗಳು ಎರಡನೆಯ ಬೆಟ್ಟವನ್ನು ಹತ್ತಿಯಾಗಿತ್ತು. ಮೂರನೆಯದರ ಬುಡದಲ್ಲಿ ನಿಂತಿತ್ತು. ತಂದೆಗೆ ಹತ್ತಿದ ಬೆಟ್ಟ ಕಾಣಲಿಲ್ಲ, ಹತ್ತದೆ ಉಳಿದದ್ದು ಮಾತ್ರ ಕಂಡಿತು.

ತಾಯಿ ಆ ಸಂಜೆ ಏನೂ ಮಾತನಾಡಲಿಲ್ಲ. ಆದರೆ ಮರುದಿನ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಾಗ ಕೂಸಿನ ಕಡೆ ತಿರುಗಿ, ‘ಒಂದು ಕಾಯಿ ಕೊಡು ಕಣವ್ವ’ ಎಂದಳು. ಕೂಸು ಒಂದನ್ನೇ ಕೊಟ್ಟಿತು. ‘ಎರಡು ಕೊಡು’ ಎಂದಳು. ಎರಡನ್ನೇ ಕೊಟ್ಟಿತು. ‘ಮೂರು ಕೊಡು’ ಎಂದಾಗ ಒಂದು ಹಿಡಿ ಬಾಚಿ ಕೊಟ್ಟಿತು. ತಾಯಿ ಅದನ್ನು ತಿದ್ದಲಿಲ್ಲ. ‘ಇದಕ್ಕೆ ಒಂದು ಗೊತ್ತು, ಎರಡು ಗೊತ್ತು, ಮೂರು ಇನ್ನೂ ಬರಬೇಕು’ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಕ್ಯಾರೆನ್ ವಿನ್ ಎಂಬ ವಿದುಷಿಯು ೧೯೯೦ರಲ್ಲಿ ಪ್ರಕಟಿಸಿದ ಪರೀಕ್ಷೆ ಇದೇ ಬಗೆಯದು. ಮಕ್ಕಳು ಮೊದಲು ಒಂದರ ಅರ್ಥವನ್ನೂ, ಬಹುಕಾಲದ ಮೇಲೆ ಎರಡರದನ್ನೂ, ಮತ್ತೆ ಮೂರರದನ್ನೂ ಒಂದೊಂದಾಗಿ ಕಂಡುಕೊಳ್ಳುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಒಂದು ದಿನ ಎಣಿಕೆಯ ಗುಟ್ಟೇ ಕೈಗೆ ಸಿಕ್ಕಿ ಉಳಿದ ಸಂಖ್ಯೆಗಳ ಅರ್ಥವೂ ತೆರೆದುಕೊಳ್ಳುತ್ತದೆ. ಈ ದಾರಿ ತಿಂಗಳುಗಟ್ಟಲೆ ಹಿಡಿಯುತ್ತದೆ. ವಿದುಷಿಯು ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಒಬ್ಬ ತಾಯಿ ಅವರೆಕಾಯಿಯ ಮೊರದ ಮುಂದೆ ಕಾಣುವುದು ಅಸಂಭವವೇನೂ ಅಲ್ಲ. ಅದಕ್ಕೆ ಬೇಕಾದದ್ದು ಅವಸರವಿಲ್ಲದ ಕಣ್ಣು.

ಆ ತಾಯಿಗೆ ಅಂಥ ಕಣ್ಣು ಬಂದುದು ತನ್ನ ನೋವಿನಿಂದಲೇ. ಅವಳು ಚಿಕ್ಕವಳಾಗಿದ್ದಾಗ ಮೂರನೆಯ ತರಗತಿಯಲ್ಲಿ ಶಾಲೆ ಬಿಡಿಸಿದ್ದರು. ತಮ್ಮನನ್ನು ಎತ್ತಿಕೊಳ್ಳುವವರು ಬೇಕಾಗಿತ್ತು. ಮಗ್ಗಿಯನ್ನು ಅವಳೂ ಗಟ್ಟಿಯಾಗಿ ಕೂಗಿದ್ದಳು. ಅದು ಯಾತಕ್ಕೆಂದು ತಿಳಿಯುವ ಮೊದಲೇ ಶಾಲೆ ಮುಗಿದಿತ್ತು. ಈಗ ಅವಳು ಹೊತ್ತಾರೆ ಒಂದು ಸಲ, ಸಂಜೆ ಒಂದು ಸಲ ಹಾಲನ್ನು ಡೈರಿಗೆ ಹಾಕಿ ಬಂದು, ಅಡುಗೆಮನೆಯ ಗೋಡೆಯ ಮೇಲೆ ಇದ್ದಲಿನಿಂದ ಲೀಟರಿಗೊಂದು ಗೀರು ಎಳೆಯುವಳು. ಹಣ ಬಟವಾಡೆಯಾಗುವ ದಿನ ಗೀರುಗಳನ್ನೂ ಡೈರಿಯ ಪುಸ್ತಕವನ್ನೂ ಮಗನ ಮುಂದಿಟ್ಟು ತಾಳೆ ನೋಡಿಸುವಳು. ಪುಸ್ತಕದ ಅಂಕಿಗಳನ್ನು ಕೂಡುವುದು ಅವಳಿಗೆ ಬಾರದು. ಆದರೆ ಒಂದು ಲೀಟರಿಗೆ ಒಂದು ಗೀರು, ಬಿಡಕೂಡದು, ಎರಡು ಸಲ ಎಳೆಯಕೂಡದು ಎಂಬ ನಿಯಮವನ್ನು ಅವಳು ಒಂದು ಹೊತ್ತೂ ತಪ್ಪಿದವಳಲ್ಲ. ಲೆಕ್ಕ ಬಾರದವಳೆಂದು ತನ್ನನ್ನು ತಾನು ಹಳಿದುಕೊಳ್ಳುತ್ತಿದ್ದ ಆ ತಾಯಿ ಎಣಿಕೆಯ ಮೊದಲನೆಯ ನಿಯಮವನ್ನು ಗೋಡೆಯ ಮೇಲೆ ದಿನವೂ ಬರೆಯುತ್ತಿದ್ದಳು.

ಇನ್ನು ಕನ್ನಡದ ಎಣಿಕೆಯ ಮಾತುಗಳ ವಿಚಾರ. ಇವು ಕೂಸಿಗೆ ಕೆಲವೆಡೆ ಕೈಹಿಡಿದು ನಡೆಸುತ್ತವೆ, ಕೆಲವೆಡೆ ಎಡವಿಸುತ್ತವೆ. ಇಪ್ಪತ್ತೊಂದು, ಇಪ್ಪತ್ತೆರಡು ಎಂಬ ಮಾತುಗಳಲ್ಲಿ ಇಪ್ಪತ್ತೂ ಕಾಣುತ್ತದೆ, ಒಂದು ಎರಡುಗಳೂ ಕಾಣುತ್ತವೆ, ದಾರಿ ಸಲೀಸು. ಹೀಗೆ ನಡೆಯುತ್ತ ಬಂದ ಕೂಸು ‘ಇಪ್ಪತ್ತೊಂಬತ್ತು’ ಆದ ಮೇಲೆ ‘ಇಪ್ಪತ್ತ್ಹತ್ತು’ ಎನ್ನುತ್ತದೆ. ಅಣ್ಣಂದಿರು ಅಕ್ಕಂದಿರು ಗೊಳ್ಳೆಂದು ನಗುತ್ತಾರೆ. ಆದರೆ ಇದು ನಗತಕ್ಕ ತಪ್ಪಲ್ಲ, ಮೆಚ್ಚತಕ್ಕ ತಪ್ಪು. ‘ಇಪ್ಪತ್ತ್ಹತ್ತು’ ಎಂಬ ಮಾತನ್ನು ಆ ಕೂಸಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿಪಾಠ ಮಾಡಿದ ಮಗುವು ಮರೆತಲ್ಲಿ ನಿಲ್ಲುತ್ತದೆ. ನಿಯಮವನ್ನು ಕಂಡ ಮಗುವು ನಿಯಮದ ದಾರಿಯಲ್ಲಿ ಮುಂದುವರಿದು ತಪ್ಪುತ್ತದೆ. ಒಂಬತ್ತು ಎಂಬ ಮಾತಿನೊಳಗೆ ಹತ್ತರ ದನಿ ಅಡಗಿದೆ. ಹತ್ತಕ್ಕೆ ಒಂದು ಕಡಿಮೆ ಎಂದು ಭಾಷಾಪಂಡಿತರು ಅದನ್ನು ಬಿಡಿಸುವುದುಂಟು. ಹೀಗೆ ನಮ್ಮ ಪೂರ್ವಿಕರೂ ಹತ್ತನ್ನು ಕಂಡು ಅಲ್ಲಿಂದ ಹಿಂದಿರುಗಿ ಒಂಬತ್ತಕ್ಕೆ ಹೆಸರಿಟ್ಟರೆಂದಾದರೆ, ಅವರೂ ಒಂದು ಕಾಲದಲ್ಲಿ ಈ ಕೂಸಿನಂತೆಯೇ ತಡವರಿಸಿ ದಾರಿ ಮಾಡಿಕೊಂಡವರೇ ಅಲ್ಲವೇ?

ಕನ್ನಡದಲ್ಲಿ ಇನ್ನೊಂದು ವಿಶೇಷವುಂಟು. ಕಲ್ಲನ್ನೂ ಕಾಯನ್ನೂ ಎಣಿಸುವಾಗ ಒಂದು, ಎರಡು, ಮೂರು. ಮನುಷ್ಯರನ್ನು ಎಣಿಸುವಾಗ ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು. ಕೂಸು ‘ಎರಡು ಅತ್ತೆ ಬಂದವೆ’ ಎಂದರೆ ಅಜ್ಜಿ ತಿದ್ದುತ್ತಾಳೆ: ‘ಅತ್ತೇರು ಎರಡಲ್ಲ ಕಣವ್ವ, ಇಬ್ಬರು.’ ಅಜ್ಜಿ ವ್ಯಾಕರಣ ಓದಿದವಳಲ್ಲ. ಆದರೆ ಮನುಷ್ಯನನ್ನು ವಸ್ತುವಿನಂತೆ ಎಣಿಸಬಾರದೆಂಬ ಮರ್ಯಾದೆಯನ್ನು ಅವಳ ಮಾತೇ ಕೂಸಿಗೆ ಕಲಿಸಿಬಿಡುತ್ತದೆ.

ಎಣಿಕೆಯ ಶಾಲೆಯು ಮಗುವಿನ ಸುತ್ತ ಎಲ್ಲೆಲ್ಲಿಯೂ ತೆರೆದಿದೆ. ಕಾಣುವ ಕಣ್ಣು ಬೇಕು. ಅಳಗುಳಿಮಣೆಯಲ್ಲಿ ಸಾಲಿಗೆ ಏಳರಂತೆ ಎರಡು ಸಾಲು ಗುಳಿಗಳು. ಗುಳಿಗೊಂದರಂತೆ ಬೀಜವನ್ನು ಬಿಡುತ್ತ ಹೋಗಬೇಕು. ಒಂದು ಗುಳಿಯನ್ನು ದಾಟಿಸಿದರೆ ಎದುರಾಳಿ ಕೈ ಹಿಡಿಯುತ್ತಾನೆ. ಎಣಿಕೆಯ ಮೊದಲನೆಯ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪಾಧ್ಯಾಯನು ಕಲಿಸಿಯಾನು? ಮದ್ದೂರಿನ ಎಳನೀರಿನ ಮಾರುಕಟ್ಟೆಯಲ್ಲಿ ಲಾರಿಗೆ ಕಾಯಿ ತುಂಬುವಾಗ ಎಣಿಸುವವನ ಬಾಯಿ ನಿಲ್ಲುವುದಿಲ್ಲ. ತಂದೆಯ ಹೆಗಲ ಮೇಲೆ ಕುಳಿತ ಮಗುವಿನ ಕಿವಿಗೆ ಅದು ಹಾಡಿನಂತೆ ಬೀಳುತ್ತದೆ. ರೈಲುದಾರಿಯ ಪಕ್ಕದ ಹೊಲದಲ್ಲಿ ಮೈಸೂರು ಬೆಂಗಳೂರುಗಳ ನಡುವೆ ಓಡುವ ಗಾಡಿಯ ಡಬ್ಬಿಗಳನ್ನು ಎಣಿಸುವ ಆಟ ಕಠಿಣವಾದುದು. ಅವನ್ನು ಮುಟ್ಟುವಂತಿಲ್ಲ, ನಿಲ್ಲಿಸುವಂತಿಲ್ಲ, ಬಿಟ್ಟುಹೋದುದನ್ನು ಮತ್ತೆ ಹಿಡಿಯುವಂತಿಲ್ಲ. ಮಳವಳ್ಳಿಯ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಮನೆಗಳಲ್ಲಿ ಹುಳು ಪೊರೆ ಬಿಡುವುದಕ್ಕೆ ಜ್ವರವೆಂದು ಹೆಸರು. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ನಾಲ್ಕು ಜ್ವರಗಳು ಕಳೆದ ಮೇಲೆಯೇ ಹುಳು ಹಣ್ಣಾಗಿ ಗೂಡು ಕಟ್ಟುವುದು. ತಟ್ಟೆಯ ಪಕ್ಕದಲ್ಲಿ ಆಡುವ ಮಗುವು ಕಾಣುವ ವಸ್ತುವನ್ನಷ್ಟೇ ಅಲ್ಲ, ಕಳೆದುಹೋದ ದಿನಗಳನ್ನೂ ಎಣಿಸಬಹುದೆಂದು ಅಲ್ಲಿ ಕಲಿಯುತ್ತದೆ.

ಹಿಂದೆ ಕಣದಲ್ಲಿ ರಾಶಿಯನ್ನು ಕೊಳಗದಿಂದ ಅಳೆಯುತ್ತಿದ್ದಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವ ವಾಡಿಕೆಯಿತ್ತು. ಲಾಭ, ಎರಡು, ಮೂರು ಎಂದು ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ‘ಒಂದು ಎಲ್ಲಿಗೆ ಹೋಯಿತು?’ ಎಂದು ಕೇಳುವ ಮಗುವಿಗೆ ಹಿರಿಯರು, ‘ಹೆಸರು ಬೇರೆಯಾದರೂ ಜಾಗ ಅದೇ’ ಎಂದು ತೋರಿಸಿದರೆ ಸಾಕು. ಅದು ದೊಡ್ಡ ಗಣಿತಪಾಠವಾಯಿತು. ಅಜ್ಜಿಯು ಪಂಚಾಕ್ಷರಿಯನ್ನು ಕೂಸಿನ ಐದು ಬೆರಳುಗಳ ಮೇಲೆ ಒಂದೊಂದಕ್ಷರವಾಗಿ ಇಟ್ಟು ಹೇಳಿಸುವಾಗಲೂ ಹೀಗೆಯೇ. ಅಕ್ಷರ ಕಣ್ಣಿಗೆ ಕಾಣದು, ಕೈಗೆ ಸಿಕ್ಕದು. ಆದರೂ ಐದು ಬೆರಳೂ ಮಡಿಚಿದ ಹೊತ್ತಿಗೆ ಅಕ್ಷರಗಳೂ ಮುಗಿದಿರುತ್ತವೆ. ಬೆರಳೂ ಐದು, ಅಕ್ಷರವೂ ಐದು ಎಂದು ಕೂಸು ಬೆರಗಾಗಿ ನೋಡಿದ ಗಳಿಗೆಯೇ ಸಂಖ್ಯೆಯು ವಸ್ತುವಿನಿಂದ ಬಿಡಿಸಿಕೊಂಡು ಮನಸ್ಸಿನಲ್ಲಿ ನಿಂತ ಗಳಿಗೆ.

ಗಣಿತವು ಕನ್ನಡನಾಡಿಗೆ ಹೊರಗಿನಿಂದ ಬಂದ ಸರಕಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವೇ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಊರೂರ ಕೂಲಿಮಠಗಳಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಂಕಿ ತಿದ್ದಿ, ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಲ್ಲೇ ಒಪ್ಪಿಸುತ್ತಿದ್ದರು. ಅದರಿಂದ ಉಪಕಾರವಾದುದು ನಿಜ. ಕಾಗದವಿಲ್ಲದೆ ಸಂತೆಯಲ್ಲಿ ನಿಂತು ಲೆಕ್ಕ ಹೇಳಬಲ್ಲ ಹಿರಿಯರು ಅಂಥ ಮಠಗಳಿಂದಲೇ ಬಂದವರು. ಆದರೆ ಒಪ್ಪಿಸದ ಹುಡುಗನಿಗೆ ಕೋದಂಡ ಹಾಕುವ, ಬೆತ್ತ ಬೀಸುವ ಪದ್ಧತಿಯೂ ಅಲ್ಲಿತ್ತು. ಮಗ್ಗಿಯನ್ನು ಬಲ್ಲವರ ಜೊತೆಗೆ ಮಗ್ಗಿಯ ಹೆಸರು ಕೇಳಿದರೆ ನಡುಗುವವರನ್ನೂ ಆ ಪದ್ಧತಿ ತಯಾರುಮಾಡಿತು. ಬಾಯಿಪಾಠವು ಬಿತ್ತನೆಯ ಬೀಜದಂತೆ, ಬೇಕೇಬೇಕು. ಆದರೆ ಬಿತ್ತಿದ ಮರುದಿನವೇ ಮಣ್ಣು ಕೆದಕಿ ಮೊಳಕೆಯೆಲ್ಲಿ ಎಂದು ಬೀಜವನ್ನು ಹೊಡೆಯುವ ಒಕ್ಕಲಿಗನನ್ನು ಯಾರೂ ಕಂಡಿಲ್ಲ.

ಎಣಿಕೆ ಬಾರದಿದ್ದರೆ ಏನು ನಷ್ಟ ಎಂಬುದನ್ನು ಮಂಡ್ಯದ ರೈತನಿಗೆ ಹೇಳಬೇಕಾಗಿಲ್ಲ. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಗದ್ದೆಗಳಲ್ಲಿ ಕಬ್ಬು ಬಂದಿತು. ಕಬ್ಬಿನ ಜೊತೆಗೆ ಟನ್ನು, ದರ, ಮುಂಗಡ, ಕಂತು, ಬಡ್ಡಿ ಎಂಬ ಮಾತುಗಳೂ ಮನೆಯೊಳಕ್ಕೆ ಬಂದುವು. ರೂಪಾಯಿಗೆ ಹದಿನಾರು ಆಣೆ ಎಂದು ಕಲಿತ ತಲೆಮಾರು ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ಪೈಸೆ ಎಂದು ಹೊಸದಾಗಿ ಕಲಿಯಬೇಕಾಯಿತು. ಸೇರು ಕೊಳಗಗಳು ಹೋಗಿ ಕಿಲೋ ಲೀಟರುಗಳು ಬಂದುವು. ಅಳತೆ ಬದಲಾದ ಪ್ರತಿಸಲವೂ ಎಣಿಕೆ ಬಲ್ಲವನು ಒಂದು ವಾರದಲ್ಲಿ ಹೊಂದಿಕೊಂಡನು. ಬಾರದವನು ಮತ್ತೊಬ್ಬರ ನಾಲಗೆಯನ್ನು ನಂಬಬೇಕಾಯಿತು. ಬಾರದವರಲ್ಲಿ ಹೆಚ್ಚಿನವರು ಹೆಂಗಸರು, ಕೂಲಿಕಾರರು. ಅವರನ್ನು ಯಾರೂ ದಡ್ಡರಾಗಿ ಹುಟ್ಟಿಸಲಿಲ್ಲ. ಕಲಿಸದೆ ಬಿಟ್ಟರು, ಅಷ್ಟೆ. ಆದುದರಿಂದ ಜಗಲಿಯ ಮೇಲಿನ ಹುಣಿಸೆಬೀಜದ ಎಣಿಕೆ ಆಟವಾಗಿ ಕಂಡರೂ ಆಟಮಾತ್ರವಲ್ಲ. ಅಲ್ಲಿ ಹೆದರಿಕೆಯನ್ನು ಕಲಿತ ಮಗುವು ಮುಂದೆ ತಕ್ಕಡಿಯ ಮುಂದೆಯೂ ಹೆದರಿ ನಿಲ್ಲುತ್ತದೆ.

ಈ ಅರಿವು ಸಾರ್ವಜನಿಕ ಕಾರ್ಯದಲ್ಲಿಯೂ ಕ್ರಮವಾಗಿ ಮೂಡಿದೆ. ಮಳವಳ್ಳಿಗೆ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ೧೯೭೫ನೆಯ ಅಕ್ಟೋಬರ್ ೨ರಂದು ಕರ್ನಾಟಕದ ಮೊದಲ ಅಂಗನವಾಡಿಗಳು ಆರಂಭವಾದುವು. ಶಾಲೆಗೆ ಸೇರುವ ಮುನ್ನವೇ ಕೂಸುಗಳು ಆಹಾರದ ಜೊತೆಗೆ ಹಾಡನ್ನೂ ಎಣಿಕೆಯನ್ನೂ ಕೂಡಿ ಕಲಿಯುವ ಏರ್ಪಾಡು ಅದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ೧೯೯೫ರಲ್ಲಿ ಆರಂಭವಾದ ನಲಿಕಲಿ ಪದ್ಧತಿಯು ಪ್ರತಿಯೊಂದು ಮಗುವೂ ತನ್ನ ನಡಿಗೆಯ ವೇಗದಲ್ಲಿಯೇ ಮೆಟ್ಟಿಲು ಹತ್ತಬೇಕೆಂದು ಸಾರಿತು. ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ನಿಪುಣ್ ಭಾರತ್ ಎಂಬ ಯೋಜನೆಯನ್ನು ಆರಂಭಿಸಿ, ಮೂರನೆಯ ತರಗತಿ ಮುಗಿಯುವುದರೊಳಗೆ ಎಲ್ಲ ಮಕ್ಕಳಿಗೂ ಓದೂ ಮೂಲಗಣಿತವೂ ಬರಬೇಕೆಂದು ಗುರಿಯಿಟ್ಟಿತು. ಇವೆಲ್ಲವೂ ಒಳ್ಳೆಯವು. ಆದರೆ ಶಾಲೆಗೆ ಹೋಗುವ ಮುನ್ನ ಮನೆಯಿದೆ. ಮನೆಯ ಅಡುಗೆಯೊಲೆಯ ಮುಂದೆ ಮೊದಲ ಪಾಠವಿದೆ.

ಈಗ ಮದ್ದೂರಿನ ಆ ಮನೆಗೆ ಹಿಂದಿರುಗಬಹುದು. ಬಾಳೆಹಣ್ಣಿನ ಸಂಗತಿ ನಡೆದ ಕೆಲವು ದಿನಗಳ ಮೇಲೆ ತಾಯಿ ಕೂಸಿಗೆ ಒಂದು ಕೆಲಸ ಕೊಟ್ಟಳು. ಸಂಜೆಯ ಊಟಕ್ಕೆ ತಟ್ಟೆ ಹಾಕುವ ಕೆಲಸ. ಮೊದಲ ದಿನ ಕೂಸು ಗೂಡಿನಲ್ಲಿದ್ದ ತಟ್ಟೆಗಳನ್ನೆಲ್ಲ ಹೊತ್ತು ತಂದಿತು. ತಾಯಿ ಬೈಯಲಿಲ್ಲ, ಉಳಿದವನ್ನು ತಿರುಗಿ ಇಡಿಸಿದಳು. ಕೆಲವು ದಿನಗಳ ಮೇಲೆ ಅದು ಒಂದು ತಟ್ಟೆ ತರುವುದು, ಅಜ್ಜಿಯ ಮುಂದಿಡುವುದು, ಮತ್ತೆ ಹೋಗಿ ಒಂದು ತರುವುದು, ಅಪ್ಪನ ಮುಂದಿಡುವುದು, ಹೀಗೆ ಮಾಡತೊಡಗಿತು. ತಂದೆಗೆ ತಾಳ್ಮೆ ತಪ್ಪುತ್ತಿತ್ತು, ಹೊಟ್ಟೆ ಹಸಿದಿರುತ್ತಿತ್ತು. ‘ಒಂದೇ ಸಲ ತರಬಾರದೇ?’ ಎನ್ನುವನು. ತಾಯಿ, ‘ಇರಲಿ ಬಿಡಿ, ಮುದ್ದೆ ಇನ್ನೂ ಬಿಸಿಯಾಗೈತೆ’ ಎನ್ನುವಳು.

ತಿಂಗಳುಗಳು ಕಳೆದುವು. ಒಂದು ಸಂಜೆ ಕೂಸು ಬಾಗಿಲಲ್ಲಿ ನಿಂತು ಬೆರಳು ತೋರಿಸುತ್ತ, ‘ಅಜ್ಜಿ, ಅಪ್ಪ, ಅಣ್ಣ’ ಎಂದಿತು, ‘ಮೂರು’ ಎಂದಿತು, ಒಳಗೆ ಹೋಗಿ ಮೂರು ತಟ್ಟೆಗಳನ್ನು ಒಂದೇ ಸಲಕ್ಕೆ ತಂದಿತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತಾಯಿಯ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ಆದರೆ ಹಂಚಿ ಮುಗಿದ ಮೇಲೆ ಕೂಸಿಗೆ ತಟ್ಟೆಯಿಲ್ಲ! ಅದು ಪೆಚ್ಚಾಗಿ ನಿಂತಿತು. ಅಜ್ಜಿ ನಕ್ಕು, ಹೊಳೆ ದಾಟಿದ ಮೇಲೆ ತಮ್ಮ ತಮ್ಮನ್ನು ಬಿಟ್ಟು ಎಣಿಸಿಕೊಂಡು, ಒಬ್ಬನು ಮುಳುಗಿಹೋದನೆಂದು ಅತ್ತ ಮಡ್ಡರ ಕಥೆಯನ್ನು ಹೇಳಿದಳು. ‘ಎಣಿಸೋರು ತಮ್ಮನ್ನೂ ಎಣಿಸ್ಕಬೇಕು ಕಣವ್ವ’ ಎಂದಳು. ಮರುದಿನದಿಂದ ತಟ್ಟೆಗಳು ನಾಲ್ಕಾದುವು. ತಂದೆ ಕೂಸಿನ ತಲೆ ಸವರಿದನು. ಲೆಕ್ಕ ಸರಿಯಾಯಿತೆಂದು ಎಲ್ಲರೂ ತಿಳಿದರು.

ಹೀಗಿರುತ್ತ ಮನೆಯವರೆಲ್ಲ ಮಠದ ಜಾತ್ರೆಗೆ ಹೋದರು. ದಾಸೋಹದ ಪಂಕ್ತಿಯಲ್ಲಿ ಸಾಲಾಗಿ ಕುಳಿತರು. ಅಲ್ಲಿ ಬಡಿಸುವವರು ಬೇರೆಯವರಾದುದರಿಂದ ತಾಯಿಯೂ ಎಲ್ಲರ ಜೊತೆಗೆ ಎಲೆಯ ಮುಂದೆ ಕುಳಿತಳು. ಕೂಸು ತನ್ನ ಅಭ್ಯಾಸದಂತೆ ಎಣಿಸಿತು: ಅಜ್ಜಿ, ಅಪ್ಪ, ಅವ್ವ, ಅಣ್ಣ, ನಾನು. ಐದು ಎಲೆ. ಮತ್ತೆ ಆ ತುದಿಯಿಂದ ಈ ತುದಿಗೆ ಎಣಿಸಿತು, ಆಗಲೂ ಐದೇ.

ಮರುದಿನ ಸಂಜೆ ಮನೆಯಲ್ಲಿ ಕೂಸು ಐದು ತಟ್ಟೆ ತಂದಿತು. ತಾಯಿ ನೋಡಿ, ‘ನಾಲ್ಕು ಸಾಕು ಕಣವ್ವ, ಒಂದು ಹೆಚ್ಚಾಯ್ತು’ ಎಂದಳು.

‘ಹೆಚ್ಚಾಗಿಲ್ಲ, ಇದು ನಿಂದು.’

‘ನಾ ಆಮೇಲೆ ಉಣ್ತೀನಿ.’

ಕೂಸು ತಟ್ಟೆಯನ್ನು ಹಿಂದಕ್ಕೆ ಒಯ್ಯಲಿಲ್ಲ. ಒಬ್ಬೊಬ್ಬರನ್ನಾಗಿ ಬೆರಳಿಟ್ಟು ಎಣಿಸಿತು. ತಾಯಿಯ ಬಳಿಗೆ ಬಂದು, ಅವಳ ಮೊಣಕಾಲಿನ ಮೇಲೆ ಬೆರಳೂರಿ, ‘ಐದು’ ಎಂದಿತು. ‘ಅಲ್ಲಿ ಐದು ಇತ್ತು, ಇಲ್ಲೂ ಐದೇ’ ಎಂದಿತು.

ಯಾರೂ ಮಾತನಾಡಲಿಲ್ಲ. ಮದುವೆಯಾಗಿ ಬಂದ ದಿನದಿಂದ ಆ ಮನೆಯ ಊಟದ ಲೆಕ್ಕದಲ್ಲಿ ಒಬ್ಬರು ಬಿಟ್ಟುಹೋಗಿದ್ದರು. ಲೆಕ್ಕ ಬಲ್ಲ ತಂದೆಗೂ ಅದು ಕಂಡಿರಲಿಲ್ಲ, ಮಡ್ಡರ ಕಥೆ ಹೇಳಿದ ಅಜ್ಜಿಗೂ ಹೊಳೆದಿರಲಿಲ್ಲ, ಬಿಟ್ಟುಹೋದವಳಿಗೇ ನೆನಪಿರಲಿಲ್ಲ. ತಂದೆ ತನ್ನ ತಟ್ಟೆಯನ್ನು ಎಳೆದುಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದನು. ಅಜ್ಜಿ, ‘ಕೂತ್ಕೊ ಬಾರವ್ವ, ಬೇಕಾದೋರು ಬಡಿಸ್ಕತಾರೆ’ ಎಂದಳು. ತಾಯಿ ಮುದ್ದೆಯ ಪಾತ್ರೆಯನ್ನು ನಡುವೆ ಇಟ್ಟು ಕುಳಿತಳು.

ಮಹಾಜನರೇ, ಐವತ್ತರ ತನಕ ಒಪ್ಪಿಸಿದ ದಿನ ಆ ಕೂಸಿಗೆ ಎಣಿಕೆ ಬಂದಿರಲಿಲ್ಲ. ಐದರ ತನಕ ಎಣಿಸಿದ ಈ ದಿನ ಬಂದಿತು. ಯಾವುದನ್ನೂ ಬಿಡದಿರುವುದು, ಯಾರನ್ನೂ ಮರೆಯದಿರುವುದು, ಇದೇ ಎಣಿಕೆಯ ಮೂಲ. ಮಠದ ದಾಸೋಹದಲ್ಲಿ ಅಡುಗೆಯವರು ‘ಎಷ್ಟು ಎಲೆ?’ ಎಂದು ಕೇಳುವುದೂ ಈ ಕಾರಣಕ್ಕಾಗಿಯೇ. ಹಸಿದವನೊಬ್ಬನು ಲೆಕ್ಕದಿಂದ ಹೊರಗೆ ಉಳಿಯಬಾರದು. ಅಂಕಿ ಬಲ್ಲವರು ಲೋಕದಲ್ಲಿ ಬಹಳ ಮಂದಿಯಿದ್ದಾರೆ. ಎಣಿಸಬೇಕಾದವರನ್ನೆಲ್ಲ ಎಣಿಸುವವರು ಕಡಿಮೆ.

ಆದುದರಿಂದ ತಾಯಿತಂದೆಗಳಲ್ಲಿ ಬಿನ್ನಹವೇನೆಂದರೆ, ಕೂಸನ್ನು ನೆಂಟರ ಮುಂದೆ ನಿಲ್ಲಿಸಿ ನೂರು ಹೇಳಿಸುವ ಅವಸರ ಬೇಡ. ಅದರ ಕೈಗೆ ಒಂದು ಕೆಲಸ ಕೊಡಿರಿ. ಬೀಜ ಹಂಚಲಿ, ಹೂ ಜೋಡಿಸಲಿ, ತಟ್ಟೆ ಹಾಕಲಿ. ತಪ್ಪಿದಾಗ ಕೈಯೆತ್ತಬೇಡಿರಿ; ಎಲ್ಲಿ ತಪ್ಪಿತು ಎಂದು ನೋಡಿರಿ, ಅಲ್ಲಿಯೇ ಅದರ ಮುಂದಿನ ಹೆಜ್ಜೆಯಿರುತ್ತದೆ. ತಮಗೆ ಲೆಕ್ಕ ಬಾರದೆಂದು ತಾಯಂದಿರು ಹಿಂಜರಿಯಬೇಡಿರಿ. ಗೋಡೆಯ ಮೇಲಿನ ಗೀರೂ ಲೆಕ್ಕವೇ. ಕೂಸು ತನ್ನ ಹೊತ್ತಿಗೆ ತಾನು ಎಣಿಸಿಯೇ ಎಣಿಸುತ್ತದೆ. ಆ ದಿನ ಅದು ಎಣಿಸಿದ ಲೆಕ್ಕದಲ್ಲಿ ಹಿರಿಯರು ಮರೆತ ಹೆಸರೊಂದು ಸಿಕ್ಕಿದರೆ, ತಗ್ಗಿಬಗ್ಗಿ ಒಪ್ಪಿಕೊಳ್ಳಿರಿ.